ದೊಡ್ಡ ಪದವಿ, ಚಿಕ್ಕ ತರಗತಿ

ಅರ್ಹತೆ, ಯೋಗ್ಯತೆ ಎಂಬ ಎರಡು ಮಾತುಗಳನ್ನು ನಿತ್ಯವ್ಯವಹಾರದಲ್ಲಿ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನಿಶ್ಚಿಂತರಾಗಿ ಬಳಸುತ್ತೇವೆ. ಆದರೆ ಅವುಗಳ ಹುಟ್ಟು ಬೇರೆ, ಗೋತ್ರ ಬೇರೆ. ‘ಅರ್ಹ’ ಎಂಬುದರ ಮೂಲದಲ್ಲಿ ಬೆಲೆಯ, ಮನ್ನಣೆಯ ಅರ್ಥವಿದೆ. ಅರ್ಹನಾದವನು ಪೂಜೆಗೆ ತಕ್ಕವನು. ‘ಯೋಗ್ಯ’ ಎಂಬುದಾದರೋ ‘ಯುಜ್’ ಧಾತುವಿನಿಂದ ಬಂದದ್ದು. ಹೂಡುವುದು, ಕೂಡಿಸುವುದು ಅದರ ಮೊದಲ ಅರ್ಥ. ನೊಗಕ್ಕೆ ಹೂಡಲು ತಕ್ಕ ಎತ್ತು ಯೋಗ್ಯವಾದ ಎತ್ತು. ಮೊದಲನೆಯ ಮಾತು ಎತ್ತರವನ್ನು ಅಳೆಯುತ್ತದೆ. ಎರಡನೆಯದು ಹೊಂದಿಕೆಯನ್ನು ಅಳೆಯುತ್ತದೆ.

ಇಂಥ ಶಬ್ದವಿಚಾರ ತರಗತಿಯ ಪಾಠಕ್ಕೆ ಸರಿ, ಭಾನುವಾರದ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ನಮ್ಮ ದೇಶದ ನ್ಯಾಯಾಲಯಗಳು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬಿಡಿಸುತ್ತ ಬಂದಿರುವ ಒಂದು ಗಂಟು ಇರುವುದು ಇಲ್ಲಿಯೇ. ಒಂದನೆಯ ತರಗತಿಯಿಂದ ಐದನೆಯ ತರಗತಿಯವರೆಗೆ ಪಾಠ ಹೇಳುವವರಿಗೆ ಯಾವ ವಿದ್ಯಾರ್ಹತೆ ಇರಬೇಕು? ಪದವಿಯ ಮೇಲೆ ಬಿ.ಇಡಿ. ಮುಗಿಸಿದವರು ಆ ಕೆಲಸಕ್ಕೆ ಸಲ್ಲುವರೆ, ಸಲ್ಲರೆ? ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಕೇರಳದಿಂದ ರಾಜಸ್ಥಾನದವರೆಗೆ, ಪಶ್ಚಿಮ ಬಂಗಾಳದಿಂದ ಛತ್ತೀಸಗಢದವರೆಗೆ ಸಾವಿರಾರು ತರುಣ ತರುಣಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಗೆದ್ದವರು ಕೆಲವರು, ಸೋತವರು ಹಲವರು. ಈ ವ್ಯಾಜ್ಯದ ಒಳಗಿರುವ ತತ್ತ್ವ ಮಾತ್ರ ವಕೀಲರಿಗಷ್ಟೇ ಸೇರಿದ್ದಲ್ಲ. ಮಗುವನ್ನು ಶಾಲೆಗೆ ಕಳಿಸುವ ಪ್ರತಿಯೊಬ್ಬರಿಗೂ ಸೇರಿದ್ದು.

ವಿಷಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ನಮ್ಮಲ್ಲಿ ಉಪಾಧ್ಯಾಯರಾಗಲು ಮುಖ್ಯವಾಗಿ ಎರಡು ದಾರಿಗಳಿವೆ. ಪಿ.ಯು.ಸಿ. ಮುಗಿದ ಮೇಲೆ ಎರಡು ವರ್ಷಗಳ ಡಿಪ್ಲೊಮಾ ಓದುವುದು ಒಂದು ದಾರಿ. ಹಿಂದೆ ಕರ್ನಾಟಕದಲ್ಲಿ ಇದನ್ನು ಟಿ.ಸಿ.ಎಚ್. ಎನ್ನುತ್ತಿದ್ದರು, ಆಮೇಲೆ ಡಿ.ಇಡಿ. ಆಯಿತು, ಈಗ ಡಿ.ಎಲ್.ಇಡಿ. ಎಂದು ಹೆಸರು. ಹೆಸರು ಮೂರಾದರೂ ಗುರಿ ಒಂದೇ: ಎಳೆಯ ಮಕ್ಕಳಿಗೆ ಕಲಿಸುವ ವಿದ್ಯೆ. ಎರಡನೆಯ ದಾರಿ, ಪದವಿ ಮುಗಿಸಿ ಬಿ.ಇಡಿ. ಮಾಡುವುದು. ಮೊದಲು ಒಂದು ವರ್ಷವಿದ್ದ ಈ ತರಬೇತಿ 2015ರಿಂದ ಎರಡು ವರ್ಷಗಳದಾಯಿತು. ಪ್ರೌಢಶಾಲೆಯ ಮಟ್ಟದಲ್ಲಿ ಒಂದೆರಡು ವಿಷಯಗಳನ್ನು ಆಳವಾಗಿ ಬೋಧಿಸುವವರನ್ನು ಸಿದ್ಧಪಡಿಸುವುದು ಅದರ ಉದ್ದೇಶ.

ಪಿ.ಯು.ಸಿ.ಯಿಂದ ಎಣಿಸಿದರೆ ಡಿಪ್ಲೊಮಾದವರು ಎರಡು ವರ್ಷ ಓದಿದವರು, ಬಿ.ಇಡಿ.ಯವರು ಐದು ವರ್ಷ ಓದಿದವರು. ಆದ್ದರಿಂದ ಲೋಕರೂಢಿಯ ತರ್ಕ ಹೀಗೆ ಹೋಗುತ್ತದೆ: ಹತ್ತನೆಯ ತರಗತಿಗೆ ಕಲಿಸಬಲ್ಲವನು ಒಂದನೆಯ ತರಗತಿಗೆ ಕಲಿಸಲಾರನೆ? ಕೊಡ ಹೊರಬಲ್ಲವನಿಗೆ ಚೊಂಬು ಭಾರವೆ? ಮೇಲ್ನೋಟಕ್ಕೆ ಈ ವಾದ ಅಭೇದ್ಯವಾಗಿ ಕಾಣುತ್ತದೆ. ನ್ಯಾಯಾಲಯಗಳು ಒಡೆದು ನೋಡಿದ್ದು ಈ ವಾದವನ್ನೇ.

2003ರಲ್ಲಿ ಕೇರಳದ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಪ್ರಾಥಮಿಕ ಶಾಲೆಯ ಹುದ್ದೆಗೆ ಉಪಾಧ್ಯಾಯ ತರಬೇತಿಯ ಸರ್ಟಿಫಿಕೇಟು ಬೇಕೆಂದು ಪ್ರಕಟಣೆ ಹೇಳಿತ್ತು; ಬಿ.ಇಡಿ. ಆದವರೂ ಆಯ್ಕೆಪಟ್ಟಿಯಲ್ಲಿ ಸೇರಿಕೊಂಡಿದ್ದರು. ನಮ್ಮದು ಇನ್ನೂ ಮೇಲಿನ ಅರ್ಹತೆಯೆಂಬುದು ಅವರ ವಾದ. ಪ್ರೌಢ ತರಗತಿಗಳಿಗೆ ಬೋಧಿಸಲು ಬಿ.ಇಡಿ. ಸಲ್ಲುವ ಅರ್ಹತೆಯೇ ಸರಿ, ಆದರೆ ಪ್ರಾಥಮಿಕ ತರಗತಿಗಳ ಮಟ್ಟಿಗೆ ಅದು ಸರ್ಟಿಫಿಕೇಟಿಗಿಂತ ಮೇಲಿನದೆಂದು ಹೇಳಲಾಗದು ಎಂದು ನ್ಯಾಯಾಲಯ ತೀರ್ಮಾನಿಸಿತು. ಅನುಕಂಪವಿದೆಯೆಂದು ಲಿಖಿತ ನಿಯಮವನ್ನು ಮೀರಲು ಬಾರದೆಂದೂ ಸೇರಿಸಿತು. ಅದೇ ವರ್ಷ ದಿಲ್ಲಿಯ ನಗರಪಾಲಿಕೆಯ ಶಾಲೆಗಳ ಪ್ರಕರಣದಲ್ಲಿಯೂ ತೀರ್ಪು ಅದೇ ಬಗೆಯದಾಯಿತು. ಹಿಂದೆ ಬಿ.ಇಡಿ.ಯವರನ್ನು ತೆಗೆದುಕೊಂಡ ವಾಡಿಕೆಯಿದ್ದರೂ ಆ ವಾಡಿಕೆ ನಿಯಮಕ್ಕೆ ಎದುರು ನಿಲ್ಲದು ಎಂದಾಯಿತು. 2005ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣ ಬಂದಾಗ ನ್ಯಾಯಾಲಯ ಒಂದು ಹೆಜ್ಜೆ ಮುಂದೆ ಹೋಗಿ ಶಿಶುಮನಸ್ಸಿನ ವಿಚಾರವನ್ನೇ ಎತ್ತಿಕೊಂಡಿತು. ಎಳೆಯ ಮಕ್ಕಳ ಮನಶ್ಶಾಸ್ತ್ರವನ್ನು ಅರಿತ ತರಬೇತಿಗೂ ಹದಿಹರೆಯದವರಿಗಾಗಿ ರೂಪಿಸಿದ ತರಬೇತಿಗೂ ಇರುವ ಅಂತರವನ್ನು ಅದು ಗುರುತಿಸಿತು.

ಈ ನಡುವೆ ವಿದ್ಯಾಭ್ಯಾಸದ ಹಕ್ಕು ಬೇರೊಂದು ಕಡೆಯಿಂದ ಬೆಳೆಯುತ್ತಿತ್ತು. ಅದರ ಮೊದಲ ಮೊಳಕೆಗೆ ಕರ್ನಾಟಕವೇ ನೆಲವಾದದ್ದು ಸ್ವಾರಸ್ಯದ ಸಂಗತಿ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕವನ್ನು ಕುರಿತ ಪ್ರಕರಣದಲ್ಲಿ, 1992ರಲ್ಲಿ, ವಿದ್ಯಾಭ್ಯಾಸದ ಹಕ್ಕು ಬದುಕುವ ಹಕ್ಕಿನಿಂದಲೇ ಹೊರಡುತ್ತದೆಂದು ಸುಪ್ರೀಂ ಕೋರ್ಟು ಹೇಳಿತು. ಮರುವರ್ಷ ಆಂಧ್ರಪ್ರದೇಶದ ಪ್ರಕರಣದಲ್ಲಿ ಆ ಹಕ್ಕಿಗೆ ಎಲ್ಲೆ ಕಟ್ಟಿ, ಹದಿನಾಲ್ಕು ವರ್ಷ ತುಂಬುವವರೆಗಿನ ಮಕ್ಕಳಿಗೆ ಅದು ಮೂಲಭೂತ ಹಕ್ಕೆಂದು ನಿಲ್ಲಿಸಿತು. 2002ರಲ್ಲಿ ಸಂವಿಧಾನಕ್ಕೆ 86ನೆಯ ತಿದ್ದುಪಡಿಯಾಗಿ 21ಎ ಅನುಚ್ಛೇದ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು.

ಆ ಕಾಯಿದೆಯ 23ನೆಯ ಪ್ರಕರಣ ಉಪಾಧ್ಯಾಯರ ಅರ್ಹತೆಯನ್ನು ಕುರಿತದ್ದು. ಅದನ್ನು ಗೊತ್ತುಪಡಿಸುವ ಅಧಿಕಾರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿಗೆ ಸಂದಿತು. ಪರಿಷತ್ತು 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯಲ್ಲಿ ಒಂದರಿಂದ ಐದನೆಯ ತರಗತಿಗಳಿಗೆ ಪಿ.ಯು.ಸಿ. ಮಟ್ಟದ ಓದು, ಪ್ರಾಥಮಿಕ ಶಿಕ್ಷಣದ ತರಬೇತಿ, ಅದರ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ., ಇಷ್ಟನ್ನು ಕಡ್ಡಾಯ ಮಾಡಿತು. ತರಬೇತಾದವರ ಕೊರತೆಯನ್ನು ನೆನೆದು ಬಿ.ಇಡಿ.ಯವರಿಗೂ ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿತು. ಅವರು ಸೇರಿದ ಮೇಲೆ ಆರು ತಿಂಗಳ ವಿಶೇಷ ತರಬೇತಿ ಪಡೆಯಬೇಕು, ಆ ಬಾಗಿಲು 2012ರ ಜನವರಿ 1ರವರೆಗೆ ಮಾತ್ರ. ಅದು ಬರಗಾಲದ ಗಂಜಿಯೇ ಹೊರತು ಹಬ್ಬದೂಟವಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು.

ಆದರೆ 2018ರ ಜೂನ್ 28ರಂದು ಪರಿಷತ್ತು ಮತ್ತೊಂದು ಅಧಿಸೂಚನೆ ಹೊರಡಿಸಿ, ಬಿ.ಇಡಿ. ಆದವರೂ ಪ್ರಾಥಮಿಕ ತರಗತಿಗಳಿಗೆ ಅರ್ಹರೆಂದು ಸಾರಿತು. ನೇಮಕವಾದ ಎರಡು ವರ್ಷಗಳೊಳಗೆ ಆರು ತಿಂಗಳ ಸೇತುಬಂಧ ತರಬೇತಿ ಮುಗಿಸಿದರೆ ಸಾಕೆಂದಿತು. ಈ ಬಾರಿ ಗಡುವಿನ ಮಾತಿರಲಿಲ್ಲ. ದೇಶದ ಲಕ್ಷಾಂತರ ನಿರುದ್ಯೋಗಿ ಪದವೀಧರರಿಗೆ ಇದು ಅಮೃತವಾಣಿಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಪ್ರಾಥಮಿಕ ಶಿಕ್ಷಣವನ್ನೇ ನೆಚ್ಚಿ ಡಿಪ್ಲೊಮಾ ಓದಿದವರಿಗೆ ಮಾತ್ರ ತಾವು ಬಿತ್ತಿದ ಹೊಲದಲ್ಲಿ ಬೇರೆಯವರು ಕುಡುಗೋಲು ಹಿಡಿದು ನಿಂತಂತಾಯಿತು. ಅವರಿಗೆ ಪ್ರೌಢಶಾಲೆಯ ಬಾಗಿಲು ಎಂದೂ ತೆರೆದಿರಲಿಲ್ಲ. ಇದ್ದ ಒಂದು ಬಾಗಿಲಲ್ಲಿ ಈಗ ನೂಕುನುಗ್ಗಲು.

ರಾಜಸ್ಥಾನ ಸರ್ಕಾರ 2021ರಲ್ಲಿ ಪ್ರಾಥಮಿಕ ಹಂತದ ಅರ್ಹತಾ ಪರೀಕ್ಷೆಗೆ ಬಿ.ಇಡಿ.ಯವರನ್ನು ಸೇರಿಸಿಕೊಳ್ಳಲಿಲ್ಲ. ಬಿ.ಇಡಿ.ಯವರು ಒಂದು ಕಡೆಯಿಂದಲೂ ಡಿಪ್ಲೊಮಾದವರು ಇನ್ನೊಂದು ಕಡೆಯಿಂದಲೂ ಹೈಕೋರ್ಟಿಗೆ ಹೋದರು. 2021ರ ನವೆಂಬರ್ 25ರಂದು ಹೈಕೋರ್ಟು 2018ರ ಅಧಿಸೂಚನೆಯನ್ನೇ ರದ್ದುಪಡಿಸಿತು. ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಅನಿರುದ್ಧ ಬೋಸ್ ಮತ್ತು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರ ಸುಪ್ರೀಂ ಕೋರ್ಟು ಪೀಠ 2023ರ ಆಗಸ್ಟ್ 11ರಂದು ಆ ತೀರ್ಪನ್ನು ಎತ್ತಿಹಿಡಿಯಿತು. ಶಿಕ್ಷಣದ ಹಕ್ಕೆಂದರೆ ಶಾಲೆಯ ಹಾಜರಿಪಟ್ಟಿಯಲ್ಲಿ ಹೆಸರು ಬೀಳುವುದಷ್ಟೇ ಅಲ್ಲ, ಗುಣವುಳ್ಳ ಶಿಕ್ಷಣ ದೊರೆಯುವುದು. ಪ್ರಾಥಮಿಕ ತರಗತಿಗೆ ಬೇಕಾದ ಬೋಧನಕ್ರಮದ ತರಬೇತಿಯಿಲ್ಲದವರನ್ನು ಅಲ್ಲಿಗೆ ಕಳಿಸುವುದು ಆ ಗುಣಕ್ಕೆ ಧಕ್ಕೆ. ಪರಿಷತ್ತು ತಾನಾಗಿ ವಿವೇಚಿಸದೆ ಕೇಂದ್ರ ಸರ್ಕಾರದ ನಿರ್ದೇಶನಕ್ಕೆ ತಲೆಬಾಗಿದೆ. ತೀರ್ಪಿನ ಸಾರ ಇಷ್ಟು. ಸೇತುವೆ ಬೇಕೆಂದು ಅಧಿಸೂಚನೆಯೇ ಒಪ್ಪಿಕೊಂಡ ಮೇಲೆ ನಡುವೆ ಹೊಳೆಯಿದೆಯೆಂದು ಬೇರೆ ಸಾಕ್ಷಿ ಹೇಳಿಸಬೇಕಾಗಿಲ್ಲ. ಆ ಹೊಳೆಯನ್ನು ದಾಟುವ ತನಕ ಎರಡು ವರ್ಷ ಆ ಮಕ್ಕಳು ಯಾರ ಕೈಯಲ್ಲಿರಬೇಕು?

ಹಾಗಾದರೆ ಈ ಹೊಳೆಯಾದರೂ ಯಾವುದು? ಕಾನೂನಿನ ಪುಸ್ತಕವನ್ನು ಮಡಿಚಿಟ್ಟು ತರಗತಿಯೊಳಗೆ ಹೋಗಿ ನೋಡೋಣ. ‘ನೂರೈದು’ ಬರೆ ಎಂದರೆ ಎರಡನೆಯ ತರಗತಿಯ ಎಷ್ಟೋ ಮಕ್ಕಳು 1005 ಎಂದು ಬರೆಯುತ್ತಾರೆ. ಗಣಿತದಲ್ಲಿ ಪದವಿ ಪಡೆದವನಿಗೆ ಇದು ತಪ್ಪು. ಕೆಂಪು ಗೀಟು ಎಳೆದರೆ ಅವನ ಕರ್ತವ್ಯ ಮುಗಿಯಿತು. ಎಳೆಯರ ಮನಸ್ಸನ್ನು ಓದಬಲ್ಲ ಉಪಾಧ್ಯಾಯಿನಿಗೆ ಇದು ತಪ್ಪಾಗಿ ಕಾಣುವುದಕ್ಕೆ ಮೊದಲು ತರ್ಕವಾಗಿ ಕಾಣುತ್ತದೆ. ಮಗು ಕೇಳಿದ್ದನ್ನು ಕೇಳಿದಂತೆಯೇ ಬರೆದಿದೆ: ಮೊದಲು ನೂರು, ಆಮೇಲೆ ಐದು. ಅದಕ್ಕೆ ತಿಳಿಯದಿರುವುದು ಸ್ಥಾನಬೆಲೆ. ಆಗ ಆಕೆ ಕಡ್ಡಿಗಳ ಕಟ್ಟನ್ನು ತರಿಸುತ್ತಾಳೆ. ಹತ್ತರ ಹತ್ತು ಕಟ್ಟು ಸೇರಿಸಿ ನೂರರ ಕಂತೆ ಮಾಡಿಸುತ್ತಾಳೆ. ಹತ್ತರ ಕಟ್ಟಿನ ಜಾಗ ಖಾಲಿಯಿದೆಯೆಂದು ಬೆರಳಿಟ್ಟು ತೋರಿಸುತ್ತಾಳೆ. ಖಾಲಿ ಜಾಗಕ್ಕೂ ಒಂದು ಗುರುತು ಬೇಕು, ಅದೇ ಸೊನ್ನೆ ಎಂಬುದು ಮಗುವಿಗೆ ತಾನಾಗಿ ಹೊಳೆಯುವವರೆಗೆ ಕಾಯುತ್ತಾಳೆ.

ಭಾಷೆಯ ಪಾಠದಲ್ಲಿಯೂ ಹೀಗೆಯೇ. ನಮ್ಮ ಕನ್ನಡ ಶಾಲೆಗಳಲ್ಲಿ ಅಕ್ಷರಾಭ್ಯಾಸ ವರ್ಣಮಾಲೆಯ ಸಾಲು ಹಿಡಿಯದೆ ‘ರ ಗ ಸ ದ ಅ’ ಎಂದು ಆರಂಭವಾದುದನ್ನು ಕಂಡು ಹಳಬರು ಹುಬ್ಬೇರಿಸಿದ್ದುಂಟು. ಆದರೆ ಬರೆಯಲು ಸುಲಭವಾದ ಆ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂದು ಮಗು ತಾನೇ ಪದ ಕಟ್ಟಿ ಓದುತ್ತದೆ. ಐವತ್ತು ಅಕ್ಷರ ಕಂಠಪಾಠವಾಗುವವರೆಗೆ ಕಾಯದೆ ಓದಿನ ಸುಖವನ್ನು ಮೊದಲ ವಾರಗಳಲ್ಲಿಯೇ ಸವಿಯುತ್ತದೆ. ಇನ್ನು, ಮಗು ‘ಹಾಲು’ ಎನ್ನದೆ ‘ಆಲು’ ಎಂದರೆ ಅದು ನಾಲಗೆಯ ದೋಷವೆ, ಮನೆಮಾತಿನ ರೀತಿಯೆ? ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಕನ್ನಡ ಶಾಲೆಯಲ್ಲಿ ಮೌನವಾಗಿ ಕುಳಿತರೆ ಅದು ದಡ್ಡತನವೆ, ಸಂಕೋಚವೆ? ಇದನ್ನು ತಿಳಿಯುವುದು ಒಂದು ವಿದ್ಯೆ. ಎಂ.ಎ. ತರಗತಿಯಲ್ಲಿ ನಾವು ಭಾಷಾಶಾಸ್ತ್ರವನ್ನು ಬೋಧಿಸುತ್ತೇವೆ, ನಿಜ. ಆ ಭಾಷಾಶಾಸ್ತ್ರ ಆರು ವರ್ಷದ ಮಗುವಿನ ಕಣ್ಣೀರನ್ನು ಒರೆಸಲು ಸಾಲದು.

ಈ ವಿದ್ಯೆಯನ್ನು ಉಪಾಧ್ಯಾಯರೇ ಕಟ್ಟಿ ಬೆಳೆಸಿದ ನಿದರ್ಶನ ನಮ್ಮಲ್ಲಿಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳ ಪ್ರಯೋಗವನ್ನು ನೋಡಿಬಂದು, ಅದನ್ನು ನಮ್ಮ ಮಣ್ಣಿಗೆ ಒಗ್ಗಿಸಿ ‘ನಲಿ-ಕಲಿ’ ಕ್ರಮವನ್ನು ಆರಂಭಿಸಿದರು. ಹಾಡು, ಆಟ, ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುವ ಆ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅದರ ಗುಣದೋಷಗಳ ಚರ್ಚೆ ಬೇರೆ ಮಾತು. ಚಿಕ್ಕ ತರಗತಿಯ ಪಾಠವೆಂಬುದು ದೊಡ್ಡ ತರಗತಿಯ ಪಾಠವನ್ನು ನೀರು ಬೆರೆಸಿ ತೆಳುಮಾಡಿದ್ದಲ್ಲ, ಅದಕ್ಕೆ ತನ್ನದೇ ಶಾಸ್ತ್ರವಿದೆ ಎಂಬುದಕ್ಕೆ ಅದು ಸಾಕ್ಷಿ.

ಇಷ್ಟು ಹೇಳಿದ ಮೇಲೆ ಸೋತವರ ಕಡೆಗೂ ಕಣ್ಣು ಹಾಯಿಸದಿದ್ದರೆ ನ್ಯಾಯವಾಗದು. ಬಿ.ಇಡಿ. ಮಾಡಿದ ತರುಣರು ಕಳ್ಳಬಾಗಿಲಿನಿಂದ ಬಂದವರಲ್ಲ. ಸರ್ಕಾರದ ಅಧಿಸೂಚನೆ ಕರೆದಿತ್ತು, ಅವರು ಬಂದರು. ಛತ್ತೀಸಗಢದ ಕಥೆಯನ್ನು ನೋಡಿ. 2023ರ ಮೇ ತಿಂಗಳಲ್ಲಿ ಆ ರಾಜ್ಯ ಸಹಾಯಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಬಿ.ಇಡಿ.ಯವರಿಗೂ ಅವಕಾಶವಿತ್ತು. ನೇಮಕದ ಆಜ್ಞೆ ಕೈಗೆ ಬರುವ ವೇಳೆಗೆ ಸುಪ್ರೀಂ ಕೋರ್ಟಿನ ತೀರ್ಪೂ ಬಂದಿತ್ತು. ಆದರೂ ನೇಮಕಗಳು ನಡೆದವು. ಬಸ್ತರ್, ಸರಗುಜಾ ವಿಭಾಗಗಳ ದೂರದ ಹಳ್ಳಿಗಳಲ್ಲಿ ಅವರು ಪಾಠ ಹೇಳತೊಡಗಿದರು. 2024ರ ಏಪ್ರಿಲ್ 2ರಂದು ಅಲ್ಲಿಯ ಹೈಕೋರ್ಟು ಆ ನೇಮಕಗಳನ್ನು ರದ್ದು ಮಾಡಿತು. ಆಗಸ್ಟ್ 28ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ವರ್ಷ ಮುಗಿಯುವ ಹೊತ್ತಿಗೆ ವಜಾ ಆಜ್ಞೆಗಳು ಹೊರಟವು. ರಾಯಪುರದಲ್ಲಿ ತಿಂಗಳುಗಟ್ಟಲೆ ಧರಣಿ ನಡೆಯಿತು. ಕೊನೆಗೆ 2025ರ ಏಪ್ರಿಲ್ ಕಡೆಯಲ್ಲಿ ರಾಜ್ಯದ ಸಚಿವಸಂಪುಟ 2,621 ಮಂದಿಯನ್ನು ಪ್ರಯೋಗಾಲಯದ ಸಹಾಯಕ ಶಿಕ್ಷಕರ ಹುದ್ದೆಗಳಿಗೆ ಹೊಂದಿಸಲು ನಿರ್ಧರಿಸಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ನೆನಪಾದರೆ ತಪ್ಪಲ್ಲ. ಅಧಿಸೂಚನೆಯನ್ನು ಬರೆದ ಲೇಖನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಅದನ್ನು ನಂಬಿದವರು ಬೀದಿಗೆ ಬಂದರು. ಸುಪ್ರೀಂ ಕೋರ್ಟು ಈ ಕಷ್ಟವನ್ನು ಕಾಣದೆ ಇರಲಿಲ್ಲ. 2024ರ ಏಪ್ರಿಲ್ 8ರ ಆಜ್ಞೆಯಲ್ಲಿ, 2023ರ ಆಗಸ್ಟ್ 11ಕ್ಕೆ ಮೊದಲೇ ನೇಮಕಗೊಂಡವರಿಗೆ, ಆ ನೇಮಕ ಯಾವುದೇ ನ್ಯಾಯಾಲಯದ ಮುಂದಿನ ತೀರ್ಪಿಗೆ ಒಳಪಟ್ಟದ್ದೆಂಬ ಷರತ್ತು ಇಲ್ಲದಿದ್ದ ಪಕ್ಷದಲ್ಲಿ, ರಕ್ಷಣೆ ಕೊಟ್ಟಿತು. ಹಾಗೆ ಉಳಿದವರಿಗಾಗಿ ಆರು ತಿಂಗಳ ಸೇತುಬಂಧ ತರಬೇತಿಯನ್ನು ಪರಿಷತ್ತು ರೂಪಿಸಿದ್ದು 2025ರಲ್ಲಿ. 2018ರಲ್ಲಿ ಮಾತುಕೊಟ್ಟ ಸೇತುವೆಗೆ ಕಲ್ಲು ಕೂಡಿಸಲು ಏಳು ವರ್ಷ ಹಿಡಿಯಿತು. ಈ ಒಂದು ಸಂಗತಿಯೇ ಸಾಕು, ಪ್ರಾಥಮಿಕ ತರಗತಿಯನ್ನು ನಮ್ಮ ಆಡಳಿತ ಯಾವ ಕಣ್ಣಿನಿಂದ ನೋಡುತ್ತದೆಂಬುದನ್ನು ತಿಳಿಯಲು.

ಈ ದೃಷ್ಟಿ ಆಡಳಿತದ್ದು ಮಾತ್ರವೆ? ನಮ್ಮೆಲ್ಲರದೂ ಹೌದು. ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿಗಳು ಪ್ರತಿವರ್ಷ ನನ್ನ ಬಳಿಗೆ ಮುಂದಿನ ದಾರಿಯನ್ನು ವಿಚಾರಿಸಲು ಬರುತ್ತಾರೆ. ಮಕ್ಕಳೊಡನೆ ಬೆರೆಯುವುದರಲ್ಲಿ ವಿಶೇಷ ಆಸಕ್ತಿಯಿದ್ದ ಒಬ್ಬ ವಿದ್ಯಾರ್ಥಿನಿಗೆ, “ನೀನೇಕಮ್ಮಾ ಡಿ.ಎಲ್.ಇಡಿ. ಮಾಡಬಾರದು?” ಎಂದೆ. “ಪದವಿ ಮುಗಿಸಿ ಮತ್ತೆ ಪಿ.ಯು.ಸಿ.ಯವರ ಜೊತೆ ಕೂತರೆ ಮನೆಯಲ್ಲಿ ಏನಂದಾರು ಸಾರ್? ಕೆಳಕ್ಕೆ ಇಳಿದ ಹಾಗಲ್ಲವೆ?” ಎಂದಳು. ಆಕೆಯ ಮಾತಿನಲ್ಲಿ ಅಹಂಕಾರವಿರಲಿಲ್ಲ. ಸಮಾಜ ಆಕೆಗೆ ಕಲಿಸಿದ ಭೂಗೋಳವಿತ್ತು. ಆ ಭೂಗೋಳದಲ್ಲಿ ಕಾಲೇಜು ಬೆಟ್ಟದ ಮೇಲಿದೆ, ಪ್ರೌಢಶಾಲೆ ಇಳಿಜಾರಿನಲ್ಲಿ, ಪ್ರಾಥಮಿಕ ಶಾಲೆ ತಗ್ಗಿನಲ್ಲಿ. ಸಂಬಳ ಆ ಕ್ರಮದಲ್ಲಿ ಇಳಿಯುತ್ತದೆ, ಮದುವೆಯ ಮನೆಯಲ್ಲಿ ಸಿಗುವ ಮರ್ಯಾದೆಯೂ ಅದೇ ಕ್ರಮದಲ್ಲಿ ಇಳಿಯುತ್ತದೆ.

ಕರ್ನಾಟಕದಲ್ಲಿಯೂ ಈ ಏಣಿಯ ಮೇಲಿನ ತಳ್ಳಾಟ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿದೆ. ಒಂದರಿಂದ ಏಳನೆಯ ತರಗತಿಯವರೆಗೆ ಕಲಿಸಲೆಂದು ಹಿಂದೆ ನೇಮಕಗೊಂಡ ಉಪಾಧ್ಯಾಯರನ್ನು 2017ರ ನೇಮಕಾತಿ ನಿಯಮಗಳು ಒಂದರಿಂದ ಐದರವರೆಗಿನ ವೃಂದಕ್ಕೆ ಸೇರಿಸಿ, ಆರರಿಂದ ಎಂಟರವರೆಗೆ ಪದವೀಧರ ಪ್ರಾಥಮಿಕ ಶಿಕ್ಷಕರೆಂಬ ಬೇರೆ ವೃಂದವನ್ನು ರಚಿಸಿದವು. ಸೇವೆಯಲ್ಲಿದ್ದುಕೊಂಡೇ ಪದವಿ ಪಡೆದ ಅನೇಕರು ತಮ್ಮನ್ನು ಪದವೀಧರ ವೃಂದದಲ್ಲಿ ಪರಿಗಣಿಸಬೇಕೆಂದು ಹೋರಾಡಿದರು. ಅವರ ಬೇಡಿಕೆ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಆದರೆ ಐದನೆಯ ತರಗತಿಯಿಂದ ಆರನೆಯದಕ್ಕೆ ಹೋಗುವುದನ್ನು ಏರಿಕೆಯೆಂದೂ ಒಂದನೆಯದರಲ್ಲಿ ಉಳಿಯುವುದನ್ನು ಹಿಂಬಡ್ತಿಯೆಂದೂ ಬಗೆಯುವಂತೆ ಏಣಿಯನ್ನು ನಿಲ್ಲಿಸಿದವರಾರು? ಇಪ್ಪತ್ತು ವರ್ಷ ಒಂದನೆಯ ತರಗತಿಯಲ್ಲಿ ಪಳಗಿದ ಉಪಾಧ್ಯಾಯಿನಿಗೆ ಅದೇ ತರಗತಿಯಲ್ಲಿದ್ದುಕೊಂಡು ಮೇಲಿನ ಸಂಬಳ, ಮೇಲಿನ ಗೌರವ ದೊರೆಯುವ ವ್ಯವಸ್ಥೆಯಿದ್ದಿದ್ದರೆ ಈ ತಳ್ಳಾಟ ಎಷ್ಟೋ ಕಡಿಮೆಯಾಗುತ್ತಿತ್ತು.

ಅರ್ಹತೆಯ ವ್ಯಾಜ್ಯ ಇಲ್ಲಿಗೆ ಮುಗಿದಿಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಸೇವೆಯಲ್ಲಿರುವ ಉಪಾಧ್ಯಾಯರಿಗೂ ಟಿ.ಇ.ಟಿ. ಅನ್ವಯಿಸಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದವರು ಎರಡು ವರ್ಷಗಳೊಳಗೆ ಅದರಲ್ಲಿ ಉತ್ತೀರ್ಣರಾಗಬೇಕೆಂದೂ, ಅದಕ್ಕಿಂತ ಕಡಿಮೆ ಕಾಲ ಉಳಿದವರು ಕೆಲಸದಲ್ಲಿ ಮುಂದುವರಿಯಬಹುದಾದರೂ ಟಿ.ಇ.ಟಿ. ಇಲ್ಲದೆ ಬಡ್ತಿ ಪಡೆಯಲಾರರೆಂದೂ ಹೇಳಿತು. ತಲೆ ನರೆತ ಮೇಷ್ಟರು ಮತ್ತೆ ಪ್ರವೇಶಪತ್ರ ಹಿಡಿದು ಪರೀಕ್ಷೆಯ ಕೊಠಡಿಗೆ ಹೋಗುವ ಚಿತ್ರ ಯಾರ ಮನಸ್ಸನ್ನಾದರೂ ಕಲಕುವಂಥದು. ಇತ್ತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕು ವರ್ಷಗಳ ಸಂಯುಕ್ತ ಬಿ.ಇಡಿ.ಯನ್ನು 2030ರ ವೇಳೆಗೆ ಉಪಾಧ್ಯಾಯರ ಕನಿಷ್ಠ ಅರ್ಹತೆಯಾಗಿ ಮಾಡಬೇಕೆಂದಿದೆ. ಎಳೆಯರ ಹಂತಕ್ಕೇ ಮೀಸಲಾದ ಬಿ.ಇಡಿ. ಆಗ ಬರುತ್ತದೆ. ಚಿಕ್ಕ ತರಗತಿಗೂ ದೊಡ್ಡ ಪದವಿ ಸಂದೀತು; ಆದರೆ ಆ ಪದವಿ ಚಿಕ್ಕ ತರಗತಿಗಾಗಿಯೇ ಹೊಲಿದ ಅಂಗಿಯಾಗಿರಬೇಕೆಂಬ ಮಾತು ಆಗಲೂ ತಪ್ಪುವುದಿಲ್ಲ.

ಪ್ರಮಾಣಪತ್ರವೊಂದೇ ಒಳ್ಳೆಯ ಗುರುವನ್ನು ಮಾಡುವುದಿಲ್ಲವೆಂಬುದನ್ನು ಬಲ್ಲವರು ಬಲ್ಲರು. ತರಬೇತಿಯಿಲ್ಲದೆ ಮಕ್ಕಳ ಮನಸ್ಸನ್ನು ಗೆದ್ದವರೂ ಇದ್ದಾರೆ, ತರಬೇತಾಗಿಯೂ ಬೆತ್ತವನ್ನೇ ನೆಚ್ಚಿದವರೂ ಇದ್ದಾರೆ. ಆದರೆ ನಿಯಮವನ್ನು ಅಪವಾದಗಳ ಮೇಲೆ ಕಟ್ಟಲಾಗದು. ಕಾನೂನು ತನ್ನ ಶಕ್ತಿಯಿರುವಷ್ಟನ್ನು ಮಾಡಿದೆ. ಎಳೆಯರಿಗೆ ಕಲಿಸುವುದು ಬೇರೆಯದೇ ಆದ ಒಂದು ವಿದ್ಯೆಯೆಂದು ತೀರ್ಪಿನಲ್ಲಿ ಬರೆದಿಟ್ಟಿದೆ. ಆ ವಿದ್ಯೆಗೆ ತಕ್ಕ ಸಂಬಳ, ತಕ್ಕ ತರಬೇತಿ, ತಕ್ಕ ಮರ್ಯಾದೆ ಕೊಡುವುದು ನ್ಯಾಯಾಧೀಶರ ಕೈಯಲ್ಲಿಲ್ಲ, ಸರ್ಕಾರದ ಮತ್ತು ಸಮಾಜದ ಕೈಯಲ್ಲಿದೆ. ಅಲ್ಲಿಯವರೆಗೆ ಪ್ರಾಥಮಿಕ ಶಾಲೆ ಬೇರೆಲ್ಲೂ ಸಲ್ಲದವರ ಕೊನೆಯ ತಂಗುದಾಣವಾಗಿಯೇ ಜನರ ಕಣ್ಣಿಗೆ ಕಾಣುತ್ತಿರುತ್ತದೆ, ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತಲೇ ಇರುತ್ತದೆ. ಆ ಕೂಸು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಅದು ಯಾವ ವಕಾಲತ್ತಿಗೂ ಸಹಿ ಹಾಕಿಲ್ಲ. ನೂರೈದನ್ನು ಹೇಗೆ ಬರೆಯಬೇಕೆಂದು ತಿಳಿಸಿಕೊಡುವವರಿಗಾಗಿ ಸ್ಲೇಟು ಹಿಡಿದು ಕಾದಿದೆ.